ಬೀಳ್ಕೊಡುಗೆಯ ದಿನ ಪ್ರಜ್ವಲ್ ಕೊಟ್ಟ ಉತ್ತರ

"ಯಾರಾದ್ರೂ ಕೇಳಿದ್ರೆ ಟ್ಯೂಷನ್ ಅಂತ ಹೇಳು, ಸಾಕು" ಎಂದು ನಿತಿನ್ ಹೆಂಡತಿಗೆ ಮೊದಲೇ ಹೇಳಿಕೊಟ್ಟಿದ್ದ. ವಿಂಧ್ಯಾ ಮಗನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಹೊರಟಾಗಲೆಲ್ಲ ಲಿಫ್ಟಿನಲ್ಲಿ ಅದೇ ಸುಳ್ಳು ಹೇಳುತ್ತಿದ್ದಳು. ಆರು ವರ್ಷದ ಪ್ರಜ್ವಲನಿಗೆ ಉಗ್ಗು. ಮಗುವಿಗೆ ನೆಗಡಿಯಾದರೆ ಊರಿಗೆಲ್ಲ ಫೋನ್ ಮಾಡುವ ಜನ, ಮಾತು ತಡವರಿಸಿದರೆ ಮಾತ್ರ ಕದ್ದ ಮಾಲಿನ ಹಾಗೆ ಮುಚ್ಚಿಡುತ್ತಾರೆ. ಯಾವ ಪುಣ್ಯಾತ್ಮರು ಮಾಡಿಟ್ಟ ಕಟ್ಟಳೆಯೋ!

ನಿತಿನ್‌ನದು ಬ್ಯಾಂಕಿನ ಕೆಲಸ. ದಾವಣಗೆರೆಯಿಂದ ವಡೋದರಾ, ಅಲ್ಲಿಂದ ಸೂರತ್. ವಡೋದರಾದಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಎದುರು ಹುಡುಗ ಇನ್ನೇನು ಬಾಯಿ ಬಿಟ್ಟ ಅನ್ನುವಷ್ಟರಲ್ಲಿ ವರ್ಗವಾಯಿತು. ಸೂರತ್ತಿಗೆ ಬಂದವನು ತಿಂಗಳುಗಟ್ಟಲೆ ಹೊರಗಿನವರೆದುರು ತುಟಿ ಬಿಚ್ಚಲಿಲ್ಲ. ಅಲ್ಲಿನ ಅಡಾಜಣ್ ಬಡಾವಣೆಯ ಮಾತಿನ ಮೇಡಂ ಹೇತಲ್‌ಬೆನ್ ಅವನ ಜೊತೆ ನೆಲದ ಮೇಲೆ ಆಟದ ಕಾರು ಓಡಿಸುತ್ತ ಕೂತು, ಒಂದು ದಿನವೂ ಒತ್ತಾಯ ಮಾಡದೆ, ಅವನನ್ನು ಮತ್ತೆ ಮಾತಿಗೆಳೆದರು. ಮನೆಯವರಿಗೆ ಅವರು ಹೇಳಿದ್ದು ಇಷ್ಟೇ: "ಅವನ ಮಾತನ್ನು ನೀವು ಮುಗಿಸಬೇಡಿ. ಕಾಯಿರಿ."

ವಿಂಧ್ಯಾ ಕಾಯುವುದನ್ನು ಕಲಿತಳು. ನಿತಿನ್ ಕಲಿಯಲಿಲ್ಲ. ಹುಡುಗ "ನೀ... ನೀ..." ಅನ್ನುವಷ್ಟರಲ್ಲಿ "ನೀರಾ ಪುಟ್ಟ? ತಗೋ" ಎಂದು ಲೋಟ ಹಿಡಿಯುತ್ತಿದ್ದ. ಪ್ರೀತಿಯಿಂದಲೇ ಹಿಡಿಯುತ್ತಿದ್ದ, ಇಲ್ಲವೆನ್ನುವುದಿಲ್ಲ. ಪ್ರೀತಿಯಿಂದ ಬಾಯಿ ಕಟ್ಟುವುದರಲ್ಲಿ ನಮ್ಮವರು ನಿಸ್ಸೀಮರು.

ಈಗ ಅಹಮದಾಬಾದಿಗೆ ಆರ್ಡರ್ ಬಂದಿತ್ತು.

"ಮಗನ ಚಿಕಿತ್ಸೆ ನಡೀತಿದೆ, ಒಂದು ವರ್ಷ ಇಲ್ಲೇ ಬಿಡಿ ಅಂತ ಕೇಳ್ರೀ" ಎಂದಳು ವಿಂಧ್ಯಾ.

"ಕೇಳಿದ್ರೆ ಕಾರಣ ಹೇಳ್ಬೇಕಾಗುತ್ತೆ ಕಣೆ. ಬ್ರಾಂಚಲ್ಲಿ ನಮ್ಮೂರ ಕಡೆಯ ಬಾಲಕೃಷ್ಣ ಇದಾನೆ. ದಾವಣಗೆರೆಗೆ ಸುದ್ದಿ ಮುಟ್ಟೋಕೆ ಎಷ್ಟು ಹೊತ್ತು? ಕೃಪಾಗೆ ಬೇರೆ ಗಂಡು ನೋಡ್ತಿದಾರೆ."

"ನಿಮ್ಮ ತಂಗಿ ಮದುವೆಗೂ ಇವನ ಮಾತಿಗೂ ಏನ್ರೀ ಸಂಬಂಧ?"

"ವಂಶದಲ್ಲೇ ಇದೆ ಅಂತಾರೆ. ಅಹಮದಾಬಾದಲ್ಲಿ ಬೋಡಕ್‌ದೇವ್ ಕಡೆ ಒಳ್ಳೊಳ್ಳೆ ಸೆಂಟರ್ ಇದಾವಂತೆ, ಅಲ್ಲಿ ಸೇರಿಸಿದ್ರಾಯ್ತು."

ವಿಂಧ್ಯಾಳ ಮೈಯೆಲ್ಲ ಉರಿದುಹೋಯಿತು. ಇನ್ನೂ ಗೊತ್ತಾಗದ ಗಂಡಿನ ಮನೆಯವರು ಏನೆಂದುಕೊಂಡಾರು ಎಂದು, ಕಣ್ಣೆದುರಿನ ಮಗು ಗುಜರಾತಿನ ಮೂರನೆಯ ಊರಿನಲ್ಲಿ ಮತ್ತೆ ಮೊದಲಿನಿಂದ ಮೂಕನಾಗಬೇಕು!

ಬ್ರಾಂಚಿನ ಬೀಳ್ಕೊಡುಗೆಗೆ ಮನೆಯವರೆಲ್ಲ ಬರಲೇಬೇಕೆಂದು ಮ್ಯಾನೇಜರ್ ದೇಸಾಯಿ ಸಾಹೇಬರು ಕರೆದಿದ್ದರು. ಖಮಣ್, ಜಿಲೇಬಿ, ಚಹಾ ಬಂದವು. ನಿತಿನ್‌ಗೆ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಟ್ಟರು. "ನಿತಿನ್‌ಭಾಯಿಗೆ ಮನೆಯ ತಾಪತ್ರಯವೇ ಇಲ್ಲ. ಹೋಗಿ ಅಂದರೆ ಹೊರಡುವ ಮನುಷ್ಯ!" ಎಂದು ಹೊಗಳಿದ ಸಾಹೇಬರು, ಹುಡುಗನ ಕಡೆ ಬಾಗಿ ಗುಜರಾತಿಯಲ್ಲಿ ಕೇಳಿದರು: "ಏನು ಮರಿ, ಅಹಮದಾಬಾದಿಗೆ ಹೋಗುವುದಕ್ಕೆ ಖುಷಿಯಾ?"

"ತುಂಬಾ ಖುಷಿ ಸಾರ್" ಎಂದ ನಿತಿನ್.

ವಿಂಧ್ಯಾ ಅಂಗೈ ಎತ್ತಿ ತಡೆದಳು. "ಸಾರ್, ಕೇಳಿದ್ದು ಅವನನ್ನ. ಅವನೇ ಹೇಳಲಿ. ಅವನಿಗೆ ಉಗ್ಗಿದೆ, ಸ್ವಲ್ಪ ಹೊತ್ತು ಹಿಡಿಯುತ್ತೆ" ಎಂದಳು ಹಿಂದಿಯಲ್ಲಿ.

ನಿತಿನ್‌ನ ಮುಖ ಬಿಳಿಚಿತು. ಪ್ರಜ್ವಲ್ ಬಾಯಿ ತೆರೆದ. "ಮಾ... ಮಾ..."

"ಮಜಾ ಬರುತ್ತೆ ಅಂತಿದಾನೆ" ಎಂದು ಬಾಲಕೃಷ್ಣ ನಕ್ಕ. ವಿಂಧ್ಯಾ ಅವನನ್ನು ನೋಡಿದ ನೋಟಕ್ಕೆ ನಗು ಅಲ್ಲೇ ಒಣಗಿತು.

ಹುಡುಗನ ಕತ್ತಿನ ನರ ಉಬ್ಬಿತು. ಯಾರೋ ಲೋಟ ಕೆಳಗಿಟ್ಟರು.

"ಮಾ... ಮಾರೆ ನಥೀ ಜವು" ಎಂದ ಪ್ರಜ್ವಲ್. ನನಗೆ ಹೋಗುವುದು ಬೇಡ. ಆಮೇಲೆ ತಾನಾಗಿಯೇ ಸೇರಿಸಿದ: "ಹೇ... ಹೇತಲ್‌ಬೆನ್ ಇಲ್ಲೇ ಇದಾರೆ."

ವಿಂಧ್ಯಾ ಎಲ್ಲವನ್ನೂ ಹೇಳಿದಳು. ಟ್ಯೂಷನ್ನಿನ ಸುಳ್ಳನ್ನೂ ಬಿಡಲಿಲ್ಲ. ದೇಸಾಯಿ ಸಾಹೇಬರು ಖಮಣ್ ತಟ್ಟೆ ಪಕ್ಕಕ್ಕಿಟ್ಟರು.

"ಎಂಥ ಮನುಷ್ಯನಯ್ಯಾ ನೀನು, ಒಂದು ಮಾತು ಹೇಳಬಾರದಿತ್ತೇ? ರಿಲೀವ್ ಮಾಡುವ ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಮೇಲಿನವರ ಜೊತೆ ಈಗಲೇ ಮಾತಾಡುತ್ತೇನೆ. ಆದರೆ ಕೇಳಬೇಕಾದವನು ನೀನು. ನಿನ್ನ ಬಾಯಲ್ಲೇ ಹೇಳು, ಏನು ಕಾರಣ?"

ಎಲ್ಲರೂ ನಿತಿನ್ ಕಡೆ ತಿರುಗಿದರು. ಅವನು ಬಾಲಕೃಷ್ಣನತ್ತ ನೋಡಿದ, ನೆಲ ನೋಡಿದ, ಕೈಯಲ್ಲಿದ್ದ ತೆಂಗಿನಕಾಯಿಯನ್ನು ನೋಡಿದ.

"ಸಾರ್... ನನ್ನ... ನನ್ನ ಮಗನಿಗೆ..."

ಪಾಪ ಅನ್ನಿಸಿತೋ ಏನೋ, ಬಾಲಕೃಷ್ಣ ನೆರವಿಗೆ ಬಾಯಿ ತೆರೆದ.

ಪ್ರಜ್ವಲ್ ಅಮ್ಮನ ಹಾಗೆಯೇ ಅಂಗೈ ಎತ್ತಿ ಅವನನ್ನು ತಡೆದ. ಆಮೇಲೆ ಅಪ್ಪನ ಮುಖವನ್ನೇ ನೋಡುತ್ತ, ಒಂದಿಷ್ಟೂ ಅವಸರವಿಲ್ಲದೆ ಕಾಯುತ್ತ ನಿಂತ.