ಖಾಲಿ ಶೆಡ್ಡಿನ ಕಿಟಕಿಗಳು

“ಕಿಟಕಿ ಯಾಕೆ ಮುಚ್ಚಿದ್ದೀಯೇ, ಮುಂಡೆ? ಶೆಡ್ ಬಿಸಿಯಾದ್ರೆ ಬಾಯ್ಲರ್ ತಾನೇ ನಿಂತೋಗತ್ತೆ ಅಂತ ಎಷ್ಟು ಸಲ ಬಡ್ಕೊಳ್ಳಲಿ?”

ಯಜಮಾನ ಬಾಗಿಲಲ್ಲೇ ನಿಂತಿದ್ದ. ನಾನು ಪೊರಕೆ ಕೆಳಗಿಟ್ಟು ಹನ್ನೆರಡು ಕಿಟಕಿಗಳನ್ನೂ ತೆಗೆದೆ. ಚಳಿ ಒಳಗೆ ನುಗ್ಗಿತು. ಗೋಡೆಯಾಚೆ ಬಾಯ್ಲರ್ ಮತ್ತೆ ಗುರುಗುಟ್ಟಿತು.

ಮರ ಒಣಗಿಸುವ ಶೆಡ್ಡು ಎಂದು ಹೆಸರು. ಒಳಗೆ ಒಂದು ಹಲಗೆಯೂ ಇರಲಿಲ್ಲ. ಕಲ್ಲಿದ್ದಲು ಬಿಟ್ಟು ಮರದ ಚೂರು ಉರಿಸುವವರಿಗೆ ಸರ್ಕಾರ ಸಬ್ಸಿಡಿ ಕೊಡುತ್ತಿತ್ತು, ಉರಿಸಿದಷ್ಟೂ ಕೊಡುತ್ತಿತ್ತು. ಎರಡು ಚಳಿಗಾಲ ನಾವು ಬಯಲನ್ನೇ ಬೆಚ್ಚಗೆ ಮಾಡಿದೆವು.

ಎರಡನೆಯ ಚಳಿಗಾಲದಲ್ಲಿ ನನ್ನ ಮಗಳು ಹೆತ್ತಿದ್ದಳು. ಶೆಡ್ಡಿನ ಹಿಂದಿನ ಆಳುಗಳ ರೂಮಿನಲ್ಲಿ ಕೂಸಿನ ತುಟಿ ನೀಲಿಗಟ್ಟುತ್ತಿತ್ತು. ಯಜಮಾನನ ಹತ್ತಿರ ಒಂದು ಬಕೆಟ್ ಕೆಂಡ ಕೇಳಿದೆ.

“ಸರ್ಕಾರಿ ಬೆಂಕಿ ಕಣೇ ಅದು. ನಿನ್ನ ಮಗಳು ಹೆತ್ತಳು ಅಂತ ಹಚ್ಚಿದ್ದಲ್ಲ.”

ಬಾಯ್ಲರಿಗೆ ಮರ ತುಂಬುತ್ತಿದ್ದ ಮುದುಕನನ್ನು ನಾವೆಲ್ಲ ಬೆಂಕಿಮಾವ ಎನ್ನುತ್ತಿದ್ದೆವು. ಮರುದಿನ ಅವನು ಬೂದಿಯ ಬಕೆಟ್ ನನ್ನ ಕೈಗಿತ್ತ.

“ಚೆಲ್ಲಿ ಬಾರವ್ವ. ದಾರೀಲಿ ನಿಮ್ಮನೆ ಸಿಗತ್ತಲ್ಲ, ಅಲ್ಲೇ ಚೆಲ್ಲು.”

ಬೂದಿಯ ಕೆಳಗೆ ಕೆಂಡವಿತ್ತು. ಅಂದಿನಿಂದ ದಿನವೂ ಇತ್ತು. ಕೂಸು ಉಳಿಯಿತು.

ಸಬ್ಸಿಡಿ ಯೋಜನೆ ನೆಲಕಚ್ಚಿ, ಸುಮ್ಮನೆ ಉರಿಸಿದವರ ವಿಚಾರಣೆ ಶುರುವಾದಾಗ ಯಜಮಾನ ಬೆಂಕಿಮಾವನನ್ನು ಕೆಲಸದಿಂದ ಓಡಿಸಿ, ನನ್ನ ಮುಂದೆ ಒಂದು ಕಾಗದ ಇಟ್ಟ. ಮುದುಕ ಕುಡಿದು ಕಿಟಕಿಗಳನ್ನು ತೆರೆದೇ ಬಿಡುತ್ತಿದ್ದ, ನಾನು ಕಣ್ಣಾರೆ ಕಂಡೆ ಎಂದು ಅದನ್ನು ಓದಿ ಹೇಳಿದ.

“ಒತ್ತು ಹೆಬ್ಬೆಟ್ಟು. ಇಲ್ಲಾ, ಈಗ್ಲೇ ರೂಮ್ ಖಾಲಿ ಮಾಡಿ ಕೂಸನ್ನ ಬೀದೀಲಿ ಮಲಗಿಸ್ಕೋ.”

ಒತ್ತಿದೆ. ಆ ಮಸಿಯ ಬೆರಳಿನಿಂದಲೇ ಅವತ್ತು ಕೂಸಿಗೆ ಅನ್ನ ಕಲಸಿದೆ.

ವಿಚಾರಣೆಯ ಹಾಲ್ ಬೆಚ್ಚಗಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು, ಗೋಡೆಯ ಹೀಟರ್ ತಾನೇ ನಿಂತು ಸುಮ್ಮನಿತ್ತು. ಬೆಂಕಿಮಾವ ಒಗೆದ ಅಂಗಿ ತೊಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದ. ನಾನು ಅವನ ಮುಂದೆ ಹಾಯುವಾಗ ಮೆಲ್ಲಗೆ ಕೇಳಿದ:

“ಕೂಸಿಗೆ ಹಲ್ಲು ಬಂತಾ?”

“ಎರಡು ಬಂದಿದೆ, ಮಾವ.”

ಅಧಿಕಾರಿ ಕಾಗದ ಎತ್ತಿ ಹಿಡಿದರು. “ಇದು ನಿಮ್ಮ ಹೆಬ್ಬೆಟ್ಟೇನಮ್ಮಾ?”

“ಹೆಬ್ಬೆಟ್ಟು ನಂದೇ ಸ್ವಾಮಿ. ಮಾತು ನಂದಲ್ಲ. ಕಿಟಕಿ ತೆಗೀತಿದ್ದದ್ದು ನಾನು. ತೆಗಿ ಅಂತಿದ್ದದ್ದು ಯಜಮಾನ್ರು, ಬಾಯ್ಲರ್ ನಿಲ್ಲಬಾರದು ಅಂತ.”

ಯಜಮಾನನ ವಕೀಲ ನಕ್ಕ. “ಕಸ ಗುಡಿಸೋ ಹೆಂಗಸು ಸರ್. ಬಾಯ್ಲರ್ ಹೇಗೆ ನಿಲ್ಲತ್ತೆ ಅಂತ ಇವಳಿಗೇನು ಗೊತ್ತು?”

ನಾನು ಎದ್ದು ಹೋಗಿ ಪಕ್ಕದ ಕಿಟಕಿಯನ್ನು ಪೂರ್ತಿ ತೆಗೆದೆ. ಮೇಜಿನ ಮೇಲಿನ ಕಾಗದಗಳು ಹಾರಿದವು. ಅಧಿಕಾರಿ ಕೋಟು ಎಳೆದುಕೊಂಡರು. ಹಾಲ್ ತಣ್ಣಗಾಗುತ್ತ ಬಂತು. ಆಮೇಲೆ ಗೋಡೆಯ ಹೀಟರ್ ತಾನಾಗಿಯೇ ಗುರುಗುಟ್ಟತೊಡಗಿತು.

“ಹೀಗೆ ಸ್ವಾಮಿ,” ಎಂದೆ. “ಎರಡು ವರ್ಷ.”

“ಏಯ್, ಮುಚ್ಚೇ ಅದನ್ನ,” ಎಂದ ಯಜಮಾನ, ಶೆಡ್ಡಿನಲ್ಲಿ ಕೂಗುತ್ತಿದ್ದ ದನಿಯಲ್ಲೇ.

ನಾನು ಎರಡನೆಯ ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ. ಬೆಂಕಿಮಾವನ ಕಡೆ ತಿರುಗಲು ಮಾತ್ರ ನನಗೆ ಮುಖವಿರಲಿಲ್ಲ.