ಕಂಪ್ಯೂಟರಿನ ಮೇಲಿನ ಹಸಿರು ಪೊಟ್ಟಣ

ನನ್ನ ಹೆಂಡತಿ ಬಿ-ಶಿಯಾ ಯಾವ ಕೆಲಸಕ್ಕೂ ನನ್ನನ್ನು ಕರೆಯುವವಳಲ್ಲ. ನಲ್ಲಿ ಸೋರಿದರೆ ತಾನೇ ಬಿಗಿ ಮಾಡುತ್ತಾಳೆ, ಜಿರಲೆ ಕಂಡರೆ ತಾನೇ ಚಪ್ಪಲಿ ಎತ್ತುತ್ತಾಳೆ. ಕೆಳಗಿನ ಅಂಗಡಿಯ ಕಂಪ್ಯೂಟರ್ ಕೈಕೊಟ್ಟಾಗ ಮಾತ್ರ "ರೀ, ಸ್ವಲ್ಪ ಬನ್ನಿ ಇಲ್ಲಿ" ಎಂಬ ಕೂಗು ಮಹಡಿಯವರೆಗೆ ಬರುತ್ತಿತ್ತು. ಆ ಕೂಗಿಗಾಗಿ ನಾನು ಕಾಯುತ್ತಿದ್ದೆ ಎನ್ನುವುದು ಅದು ನಿಂತ ಮೇಲೆಯೇ ನನಗೆ ಗೊತ್ತಾಗಿದ್ದು.

ನಮ್ಮದು ತೈವಾನಿನ ಚಿಯಾಯಿ ಊರಿನಲ್ಲಿ ಮದುವೆ ಕಾಗದ ಅಚ್ಚು ಹಾಕುವ ಸಣ್ಣ ಅಂಗಡಿ. ಆ ಕಂಪ್ಯೂಟರಿಗೆ ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ ಹಾಕಿದವನು ನಾನೇ. ಅದು ಹಳೆಯದಾಯಿತು, ಹೊಸದು ಹಾಕಿಕೊಡಿ ಎಂದು ಅವಳು ವರ್ಷವಿಡೀ ಹೇಳಿದಳು. ನಾಳೆ ಹಾಕಿದರಾಯಿತು ಎಂದುಕೊಂಡು ನಾನು ಕಾಲ ತಳ್ಳಿದೆ. ಅಷ್ಟರಲ್ಲಿ ಹಳೆಯ ಸಹಪಾಠಿಗಳ ಊಟದಲ್ಲಿ ಅವಳಿಗೆ ಚ್ವಾಂಗ್ ಟಿಂಗ್-ಯುವಾನ್ ಸಿಕ್ಕಿದ. ಮರುವಾರವೇ ಬಂದು ಹೊಸದನ್ನು ಹಾಕಿಕೊಟ್ಟೂ ಬಿಟ್ಟ, ಪುಣ್ಯಾತ್ಮ.

ನಾನು ನೋಡಿದರೆ ಪರದೆ ಬೋಳು ಬೋಳು. ಕೆಳಗಿದ್ದ ಪಟ್ಟಿ ಇಲ್ಲ, ಮೂಲೆಯಲ್ಲಿದ್ದ ಗುಂಡಿಯೂ ಇಲ್ಲ.

"ಎಲ್ಲಾ ಎಲ್ಲಿಗೆ ಹೋಯ್ತು?" ಎಂದೆ.

"ಎಲ್ಲಾ ಅಲ್ಲೇ ಇದೆ ಲೈ ಅಣ್ಣ. ರೂಢಿ ಆಗ್ಬೇಕು ಅಷ್ಟೆ," ಎಂದ ಚ್ವಾಂಗ್.

ಲೈ ನನ್ನ ಮನೆತನದ ಹೆಸರು, ಅದಿರಲಿ; ಅಣ್ಣನಂತೆ! ಅವನ ತಲೆ ನನ್ನದಕ್ಕಿಂತ ನರೆತಿದೆ.

ಆಮೇಲೆ ಶನಿವಾರ ಬಂದರೆ ಸಾಕು, ಒಂದು ಚೀಲ ಸೀತಾಫಲ ಹಿಡಿದುಕೊಂಡು ಹಾಜರು. ಅವಳಿಗೆ ಹೊಸ ಪರದೆ ಕಲಿಸಬೇಕಂತೆ. ಕೆಳಗೆ ಇಬ್ಬರೂ ನಗುವುದು ಮಹಡಿಗೆ ಕೇಳುತ್ತಿತ್ತು. ಕಂಪ್ಯೂಟರ್ ಕಲಿಯುವುದರಲ್ಲಿ ನಗುವಂಥದ್ದೇನಿದೆ? ನಾನು ಕಲಿಸುವಾಗ ಅವಳು ಒಂದು ದಿನವೂ ನಕ್ಕಿರಲಿಲ್ಲ. ಆ ಸೀತಾಫಲವನ್ನು ನಾನು ಮುಟ್ಟಲೂ ಇಲ್ಲ.

"ನಾನೇ ಹೇಳಿಕೊಡ್ತಿದ್ನಲ್ಲ," ಎಂದೆ ಒಂದು ದಿನ.

"ನಿಮಗ್ಯಾಕೆ ತೊಂದ್ರೆ," ಎಂದಳು, ಮುಖ ಎತ್ತದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ನಮ್ಮಲ್ಲಿ ಯಂತ್ರ ಇರುವ ಕಡೆಯೆಲ್ಲ ಅದರ ಮೇಲೊಂದು ಜೋಳದ ತಿಂಡಿಯ ಹಸಿರು ಪೊಟ್ಟಣ ಇಡುತ್ತಾರೆ. ಆ ತಿಂಡಿಯ ಹೆಸರಿಗೇ 'ಹೇಳಿದ ಮಾತು ಕೇಳು' ಎಂಬ ಅರ್ಥ, ಹಾಗಾಗಿ ಹಸಿರಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ. ಹಳದಿ ಇರುವುದು ಗಲ್ಲಾಪೆಟ್ಟಿಗೆಗೆ. ಯಂತ್ರದ ಮೇಲೆ ಹಳದಿ ಇಟ್ಟರೆ ಅದು ರಚ್ಚೆ ಹಿಡಿಯುತ್ತದೆ. ಟೆಲಿಫೋನ್ ಇಲಾಖೆಯಲ್ಲಿ ತಂತಿ ಜೋಡಿಸಿ ನಿವೃತ್ತನಾದ ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಒಂದು ಶುಕ್ರವಾರ, ಅವಳು ಸಂತೆಗೆ ಹೋಗಿದ್ದಾಗ, ಕಂಪ್ಯೂಟರಿನ ಮೇಲಿನ ಹಸಿರನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟೆ, ಅಲ್ಲಿದ್ದ ಹಳದಿಯನ್ನು ಇಲ್ಲಿಗೆ ತಂದಿಟ್ಟೆ. ಹಾಳಾಗಲಿ, ಅವನ ಮರ್ಯಾದೆ ಹೋಗಲಿ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಚೀನೀ ಅಕ್ಷರ ಬರೆಯುವುದನ್ನೇ ನಿಲ್ಲಿಸಿಬಿಟ್ಟಿತು. ಏನು ಒತ್ತಿದರೂ ಬರೀ ಇಂಗ್ಲಿಷ್. ಮೀನು ವ್ಯಾಪಾರಿಯ ಮಗಳ ಮದುವೆ ಕಾಗದ ಸಂಜೆಯೊಳಗೆ ಅಚ್ಚಾಗಬೇಕಿತ್ತು. ಮಹಡಿಯಲ್ಲಿ ಕಿವಿಗೊಟ್ಟು ಕೂತೆ, ಈಗಲಾದರೂ ಕರೆಯುತ್ತಾಳೆ ಎಂದು. ಅವಳು ಫೋನ್ ಮಾಡಿದ್ದು ಅವನಿಗೆ.

ಚ್ವಾಂಗ್ ಬಂದ. ಆರಿಸಿ ಹಚ್ಚಿದ, ಮತ್ತೆ ಆರಿಸಿ ಹಚ್ಚಿದ, ಕತ್ತು ಉಜ್ಜಿಕೊಂಡ. ನಾನು ನೀರು ಕುಡಿಯುವ ನೆಪದಲ್ಲಿ ಕೆಳಗಿಳಿದು ಬಾಗಿಲ ಬಳಿ ನಿಂತೆ. ಕೊನೆಗೆ ಅವನ ಕಣ್ಣು ಕಂಪ್ಯೂಟರಿನ ಮೇಲಿನ ಪೊಟ್ಟಣಕ್ಕೆ ಹೋಯಿತು.

"ಅಯ್ಯೋ ಬಿ-ಶಿಯಾ, ಇದರ ಮೇಲೆ ಹಳದಿ ಯಾರಿಟ್ರು?"

"ನಾನಂತೂ ನಿನ್ನೆ ಕೆಳಗೇ ಬಂದಿಲ್ಲ," ಎಂದೆ ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಬಿ-ಶಿಯಾ ಗಲ್ಲಾಪೆಟ್ಟಿಗೆಯ ಮೇಲಿನ ಹಸಿರನ್ನು ನೋಡಿದಳು, ನನ್ನನ್ನು ನೋಡಿದಳು. ಚ್ವಾಂಗ್ ಬುದ್ಧಿವಂತ, ಹೆಂಡತಿ ಕಾಯುತ್ತಿರುತ್ತಾಳೆ ಎಂದು ಹೇಳಿ ಹೊರಟುಹೋದ.

"ಅವನನ್ನ ಯಾಕೆ ಕರೀತೀಯ? ನಾನು ಸತ್ತಿದ್ನಾ?" ನಾನೇ ಮೊದಲು ಬಾಯಿ ಮಾಡಿದೆ.

"ಅವರು ನಿಟ್ಟುಸಿರು ಬಿಡಲ್ಲ," ಎಂದಳು.

"ಏನು?"

"ಎರಡನೇ ಸಲ ಕೇಳಿದ್ರೆ ನೀವು ನಿಟ್ಟುಸಿರು ಬಿಡ್ತೀರಿ. ಆಮೇಲೂ ನನಗೆ ಅರ್ಥ ಆಗ್ದೇ ಇದ್ರೆ 'ಬಿಡು, ನಾನೇ ಮಾಡ್ತೀನಿ' ಅಂತ ಮೌಸ್ ಕಿತ್ಕೋತೀರಿ. ಇಷ್ಟು ವರ್ಷ ನಿಮ್ಮನ್ನ ಕರೆಯೋಕೆ ಮುಂಚೆ ನಾನು ಒಂದು ಲೋಟ ನೀರು ಕುಡಿದು ಧೈರ್ಯ ತಂದ್ಕೋತಿದ್ದೆ. ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಅವಳು ಎದ್ದು ಕುರ್ಚಿ ನನ್ನ ಕಡೆ ತಳ್ಳಿದಳು. "ಕೂತ್ಕೊಳ್ಳಿ. ಸಂಜೆಯೊಳಗೆ ಕಾಗದ ಆಗ್ಬೇಕು."

ರೋಗ ಏನೆಂದು ನನಗೆ ಅಂದಾಜಿತ್ತು. ಹೊಸ ಲಿನಕ್ಸ್ ಒಮ್ಮೊಮ್ಮೆ ಚೀನೀ ಅಕ್ಷರ ಮೂಡಿಸುವ ತನ್ನದೇ ತಂತ್ರಾಂಶವನ್ನು ಎಬ್ಬಿಸುತ್ತದೆ, ನಮ್ಮ ಹಳೆಯದೂ ಏಳುತ್ತದೆ. ಎರಡೂ ಒಂದೇ ಕೀಲಿಮಣೆಗೆ ಕಿತ್ತಾಡಿ ಯಾವುದೂ ಬರೆಯುವುದಿಲ್ಲ. ಒಂದನ್ನು ಸುಮ್ಮನಿರಿಸಬೇಕು. ಅದಕ್ಕೆ ಆಜ್ಞೆ ಬರೆಯುವ ಕಪ್ಪು ಕಿಟಕಿ ಬೇಕು. ಮೌಸ್ ಹಿಡಿದು ಪರದೆಯೆಲ್ಲ ತಡಕಾಡಿದೆ. ಕಪ್ಪು ಕಿಟಕಿ ಎಲ್ಲೂ ಸಿಗಲಿಲ್ಲ.

"ಎಲ್ಲಿದೆ ಅದು?" ಎಂದು ಕೊನೆಗೆ ಕೇಳಿದೆ.

"ಕಿಟಕಿ ಗುರುತಿನ ಕೀಲಿ ಒತ್ತಿ, ಅದರ ಹೆಸರು ಬರೀರಿ."

ಒತ್ತಿದೆ. ಏನೋ ಬಂತು, ಏನೋ ಹೋಯಿತು. ಮತ್ತೆ ಕೇಳಿದೆ. ಅವಳು ಮತ್ತೆ ಹೇಳಿದಳು. ಅವಸರದಲ್ಲಿ ಪಕ್ಕದ ಕೀಲಿ ಒತ್ತಿದೆ, ತೆರೆದದ್ದೆಲ್ಲ ಮುಚ್ಚಿಹೋಯಿತು. ನಾಲಿಗೆ ಒಣಗಿತು. ಮೂರನೇ ಸಲ ಕೇಳಿದೆ.

ಬಿ-ಶಿಯಾ ನನ್ನ ಪಕ್ಕಕ್ಕೆ ಸ್ಟೂಲ್ ಎಳೆದು ಕೂತಳು. ನನ್ನ ಬೆರಳನ್ನು ಹಿಡಿದು ಆ ಕೀಲಿಯ ಮೇಲೆ ಇಟ್ಟು, "ಇದು. ನಿಧಾನಕ್ಕೆ ಒತ್ತಿ, ಪರವಾಗಿಲ್ಲ," ಎಂದಳು.

ಅವಳ ನಿಟ್ಟುಸಿರಿಗಾಗಿ ನಾನು ಕಿವಿಗೊಟ್ಟು ಕಾದೆ. ಅವಳು ಬಿಡಲಿಲ್ಲ.