ಸೋಪು ಮೆತ್ತಿದ ಟ್ಯಾಂಕು

"ನಿಮ್ ಲೈನ್ನೋರ ಮೂಗು ಯಾವಾಗಿಂದ ಇಷ್ಟು ನಾಜೂಕಾಯ್ತಲಾ ಬೋಳಿಮಗನೆ? ಸಾರಾಯಿ ನಾತ ತಡ್ಕತದೆ, ಕೊಳ್ತ ಕಾಫಿ ಸಿಪ್ಪೆ ನಾತ ತಡ್ಕತದೆ, ಎಲ್ಡು ತೊಟ್ಟು ಡೀಸಲ್ ತಡ್ಕಳಲ್ವಾ?"

ಹೀಗೆ ಕೇಳುವಾಗ ಎಸ್ಟೇಟಿನ ರೈಟರ್ ದೇವೇಂದ್ರ ತನ್ನ ಮೂಗಿಗೆ ಕರ್ಚೀಫು ಒತ್ತಿ ಹಿಡಿದಿದ್ದ. ಒರತೆಯೊಳಗೆ ಮೊಣಕಾಲುದ್ದ ನೀರಲ್ಲಿ ನಿಂತಿದ್ದ ಲೋಹಿತ್‌ಗೆ ಅದು ಕಂಡಿತು. ನಗು ಬಂತು, ನುಂಗಿಕೊಂಡ. ಕೈಯಲ್ಲಿದ್ದ ಮೊರದ ತುಂಬ ಡೀಸಲ್ ಕುಡಿದು ಕಪ್ಪಗಾದ ಕಾಫಿ ಹೊಟ್ಟು. ಅದನ್ನು ದಡಕ್ಕೆ ಎರಚಿದ. ಒಂದೆರಡು ಹನಿ ರೈಟರ್‌ನ ಬೂಟಿಗೆ ಬಿದ್ದವು.

"ಬೇಕಂತ ಎರಚ್ದೇನ್ಲಾ?"

"ಎಲ್ಡು ತೊಟ್ಟು ಅಲ್ವರಾ ರೈಟ್ರೆ."

ದಡದ ಮೇಲೆ ಕೂತು ಹೊಟ್ಟು ಉದುರಿಸುತ್ತಿದ್ದ ಚಿನ್ನಮ್ಮ ಕೆಮ್ಮಿದಂತೆ ಮಾಡಿ ನಕ್ಕಳು.

"ನಗು, ನಗು. ಮಧ್ಯಾಹ್ನ ತಾಲ್ಲೂಕಿಂದ ಸಾಹೇಬ್ರು ನೀರು ನೋಡಕ್ ಬತ್ತಾವ್ರೆ. ಅಷ್ಟರೊಳ್ಗೆ ಚೊಕ್ಕ ಬಳ್ದಿರ್ಬೇಕು. ಗಲೀಜ್ ಕಂಡ್ರೆ ನಿಮ್ಗೇ ಮರ್ವಾದೆ ಹೋಗದು." ಅಷ್ಟು ಹೇಳಿ ರೈಟರ್ ಬೂಟನ್ನು ಹುಲ್ಲಿಗೆ ಒರೆಸುತ್ತ ಹೋದ.

ಹೊಟ್ಟಿನ ಉಪಾಯ ಚಿನ್ನಮ್ಮನದೇ. ಒಣಹೊಟ್ಟನ್ನು ನೀರ ಮೇಲೆ ತೆಳ್ಳಗೆ ಉದುರಿಸಿ, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬಿಟ್ಟರೆ ಮೇಲೆ ತೇಲುವ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಮೊರದಲ್ಲಿ ಬಾಚಿದರೆ ನೀರು ನೋಡುವುದಕ್ಕೆ ತಿಳಿ. ಅದು ಅರ್ಧ ಗಂಟೆ ಮಾತ್ರ. ಆಮೇಲೆ ಬಂಡೆಯ ಸಂದಿನಿಂದ ಕಾಮನಬಿಲ್ಲಿನ ಬಣ್ಣದ ಪೊರೆ ಮೆಲ್ಲಗೆ ಜಾರಿ ಬರುತ್ತಿತ್ತು. ಐದು ದಿನದಿಂದ ಇದೇ ಆಗಿತ್ತು. ಬಾಚಿದ ನೀರನ್ನು ಹಳೇ ಸೀರೆ ನಾಲ್ಕು ಮಡಿಕೆ ಮಾಡಿ ಸೋಸಿದರೂ ಅನ್ನಕ್ಕೆ ಡೀಸಲ್ ವಾಸನೆ, ಕಾಫಿಗೆ ಡೀಸಲ್ ವಾಸನೆ, ತೇಗಿದರೆ ಬಾಯಲ್ಲಿ ಲಾರಿ ಹೋದಂತೆ.

ಬೆಳಗೋಡಿನ ಕಡೆಯ ಬಸ್ಸು ಇಳಿದು ಆರು ಕಿಲೋಮೀಟರು ನಡೆದರೆ ಸಿಗುವ ಕೆಂಪುಗುಡ್ಡ ಕಾಫಿ ಎಸ್ಟೇಟಿನ ಕೂಲಿಯವರ ಹಳೇ ಲೈನು ಇದು. ಇಪ್ಪತ್ತೆರಡು ಮನೆ. ಆನೆ ಗೋಡೆ ಕೆಡವಿದ ಮೇಲೆ ಕೆಲವರು ಹೋದರು. ಹಾರಿಹೋದ ಹೆಂಚನ್ನು ಯಾರೂ ಹಾಕಿಸಿಕೊಡದ ಮೇಲೆ ಉಳಿದವರು ಹೋದರು. ಈಗ ಒಲೆ ಉರಿಯುವುದು ಮೂರು ಮನೆಯಲ್ಲಿ: ಲೋಹಿತ್‌ನದು, ಚಿನ್ನಮ್ಮನದು, ಮುದುಕ ವೀರಯ್ಯನದು. ಈ ಮೂರೂ ಖಾಲಿಯಾದರೆ ಲೈನನ್ನು ಒಡೆದು ಪ್ರವಾಸಿಗಳ ರೂಮು ಕಟ್ಟುತ್ತಾರೆ ಎಂಬುದು ನಾಯಿಗೂ ಗೊತ್ತಿತ್ತು. ಅಳತೆ ಟೇಪು ಹಿಡಿದವರು ಎರಡು ಸಲ ಬಂದು ಹೋಗಿದ್ದರು.

ಮೂರು ಮನೆಗೂ ನೀರೆಂದರೆ ಈ ಒರತೆ ಒಂದೇ. ಒರತೆಯ ನೆತ್ತಿಯ ಮೇಲೆ, ದಿಬ್ಬ ಹತ್ತಿದರೆ ಪಂಪ್ ಶೆಡ್ಡು, ಅದರ ಹಿಂದೆ ಕಲ್ಲುಕಂಬದ ಮೇಲೆ ಡೀಸಲ್ ಟ್ಯಾಂಕು. ಶೆಡ್ಡಿನ ಆಚೆ ಬದಿಗೆ ಎಸ್ಟೇಟಿನ ಕೆರೆ. ಕೆರೆಯ ನೀರು ತೋಟಕ್ಕೆ ಮತ್ತು ಬಂಗಲೆಗೆ. ಲೈನಿನ ಕೊಡ ಆ ಕೆರೆಗೆ ಇಳಿಯಬಾರದು. ಹಾಗೆಂದು ಯಾವ ಬೋರ್ಡಿನಲ್ಲೂ ಬರೆದಿಲ್ಲ. ಬರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಲೋಹಿತ್ ಐದು ವರ್ಷದಿಂದ ಪಂಪು ಓಡಿಸುತ್ತಿದ್ದ. ಮುಚ್ಚಳದ ಸಂದಿನಿಂದ ಮಳೆ, ಇಬ್ಬನಿ ಟ್ಯಾಂಕಿನೊಳಕ್ಕೆ ಇಳಿಯುತ್ತದೆ. ನೀರು ಅಡಿಗೆ ಕೂರುತ್ತದೆ, ಡೀಸಲ್ ಮೇಲೆ ನಿಲ್ಲುತ್ತದೆ. ನೀರು ಇಂಜಿನ್ನಿಗೆ ಹೋದರೆ ಇಂಜಿನ್ ಕೆಟ್ಟಿತು. ಆದ್ದರಿಂದ ಬೆಳಗಿನ ಮೊದಲ ಕೆಲಸ ತಳ ಬಿಡುವುದು. ಅಡಿಯ ನಲ್ಲಿ ತಿರುವಿ, ಕೆಸರು ಹೋಗಿ, ನೀರು ಹೋಗಿ, ಚೊಕ್ಕ ಡೀಸಲ್ ಕಾಣುವವರೆಗೆ ಹಿಂದಿನ ಗುಂಡಿಗೆ ಬಿಡುವುದು. ಮೊದಲ ದಿನ ರೈಟರೇ ಪಕ್ಕದಲ್ಲಿ ನಿಂತು ಕಲಿಸಿದ್ದ. ಗುಂಡಿಗೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂದು ರೈಟರ್ ಹೇಳಲಿಲ್ಲ, ಇವನೂ ಕೇಳಲಿಲ್ಲ. ಈಗ ಅವ್ವ ಆ ನೀರು ಬಾಯಿಗಿಟ್ಟು ಮುಖ ಹಿಂಡಿದಾಗಲೆಲ್ಲ ಲೋಹಿತ್ ತನ್ನ ಬಲಗೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾನೆ.

ಈ ಬೇಸಿಗೆಗೆ ಟ್ಯಾಂಕಿನ ವೆಲ್ಡಿಂಗು ಬಿಟ್ಟು ಜಿನುಗತೊಡಗಿತು. ಲೋಹಿತ್ ಮೂರು ಸಲ ಹೇಳಿದ. ಮೂರು ಸಲವೂ ರೈಟರ್ ಸ್ಟೋರಿನಿಂದ ಒಂದು ಬಾರ್ ಸೋಪು ಕೊಟ್ಟು ಕಳಿಸಿದ. "ಮೆತ್ತಲಾ. ಸೋಪ್ ಮೆತ್ತಿದ್ರೆ ಕಬ್ಣದಂಗೆ ಕೂರ್ತದೆ." ಕೂತಿತ್ತು ಕೂಡ. ಶಿವರಾತ್ರಿಯ ದಿನ ಶೆಡ್ಡಿಗೆ ಬೀಗ ಬಿತ್ತು. ಮಾರನೆ ಬೆಳಿಗ್ಗೆ ಬಂದು ನೋಡಿದರೆ ಸೋಪು ಕಳಚಿ ಬಿದ್ದಿತ್ತು, ಅರ್ಧ ಟ್ಯಾಂಕು ಗುಂಡಿಯ ಪಾಲಾಗಿತ್ತು. ಅವತ್ತಿನಿಂದ ಲೋಹಿತ್ ಜಿನುಗಿಗೆ ಬಕೆಟ್ಟು ಇಟ್ಟ, ಅದನ್ನೂ ತಳ ಬಿಟ್ಟದ್ದನ್ನೂ ಗುಂಡಿಗೆ ಬಿಡದೆ ಶೆಡ್ಡಿನೊಳಗಿನ ಒಂದು ಡ್ರಮ್ಮಿಗೆ ತುಂಬಿಟ್ಟ. ಯಾರೂ ಹೇಳಿದ್ದಲ್ಲ.

ಅವನು ಒರತೆಯಿಂದ ಎದ್ದು ದಿಬ್ಬ ಹತ್ತುವ ಹೊತ್ತಿಗೆ ಕೆರೆಯ ಮೆಟ್ಟಿಲ ಬಳಿ ರೈಟರ್‌ನ ದನಿ ಜೋರಾಗಿತ್ತು. ಎದುರಿಗೆ ಲಿಂಗಮ್ಮ, ಲೋಹಿತ್‌ನ ಅವ್ವ. ಸೊಂಟದ ಮೇಲೆ ತುಂಬಿದ ಕೊಡ.

"ಯಾರ್ ಹೇಳಿ ಇಳ್ದೆ?"

"ಮನೇಲಿ ಬಾಣಂತಿ ಅವ್ಳೆ ಬುದ್ಧಿ. ಮಗಳು ನಯನ. ಹೆತ್ತು ಹನ್ನೊಂದು ದಿನ. ಒರತೆ ನೀರ್ನಾಗೆ ಎರ್ದೂ ಎರ್ದೂ ಮಗೀನ ಮೈ ಸುಲ್ದೋಗೈತೆ. ಒಂದೇ ಕೊಡ."

"ಸುರಿ."

ಲಿಂಗಮ್ಮ ಕೆರೆಯ ಕಡೆ ತಿರುಗಿದಳು.

"ಏಯ್! ಕೆರೆಗೆ ವಾಪಸ್ ಸುರೀತಿಯೇನೇ ಹಾಳಾದೋಳೆ? ಅದ್ನ ಬಂಗ್ಲೆಯೋರು ಕುಡೀಬೇಕು. ಅಲ್ಲಿ. ಮಣ್ಣಿಗೆ."

ಕೊಡ ಬಗ್ಗಿತು. ನೀರು ಗಳಗಳನೆ ಮಣ್ಣಿಗಿಳಿದು ಅವಳ ಬೆರಳ ಸಂದಿನಲ್ಲಿ ಕೆಸರಾಯಿತು. ಲೋಹಿತ್ ಎರಡು ಹೆಜ್ಜೆ ಮುಂದೆ ಬಂದಿದ್ದ. ಅವ್ವ ಕಣ್ಣಿನಲ್ಲೇ ಬೇಡ ಎಂದಳು. ಅವಳ ಕಣ್ಣಿನಲ್ಲಿ ಅಳು ಇರಲಿಲ್ಲ. ಕೊಡದ ಅಡಿಯಲ್ಲಿ ಒಂದು ಹಿಡಿ ನೀರು ಉಳಿದಿತ್ತು, ರೈಟರ್ ಅದನ್ನೂ ನೋಡಿದ.

"ಅದೂ."

ಜೀಪು ಬಂದದ್ದು ಹನ್ನೆರಡಕ್ಕೆ. ಎಸ್ಟೇಟಿನ ಸಾವ್ಕಾರರು ತಾವೇ ಓಡಿಸಿಕೊಂಡು ಬಂದಿದ್ದರು. ಪಕ್ಕದಲ್ಲಿ ಎಳನೀರು ಹಿಡಿದ ಅಧಿಕಾರಿ. ಅಷ್ಟರಲ್ಲಿ ಚಿನ್ನಮ್ಮ ಒರತೆಯನ್ನು ಮೂರು ಸಲ ಬಾಚಿ, ದಡ ಗುಡಿಸಿ, ಬಂಡೆ ತೊಳೆದಿದ್ದಳು. ಊರಿಗೆ ದೊಡ್ಡವರು ಬರುತ್ತಾರೆಂದರೆ ಅವಳ ಕೈ ಸುಮ್ಮನಿರುವುದಿಲ್ಲ. ಅಧಿಕಾರಿ ಬಗ್ಗಿ ಬಾಟಲಿ ಮುಳುಗಿಸಿ, ಬಿಸಿಲಿಗೆ ಎತ್ತಿ ನೋಡಿದ.

"ಚೆನ್ನಾಗೇ ಇದೆಯಲ್ಲಮ್ಮ ನೀರು. ನಮ್ಮ ಕ್ವಾರ್ಟರ್ಸಲ್ಲೂ ಇಷ್ಟು ತಿಳಿ ಬರಲ್ಲ."

ಚಿನ್ನಮ್ಮನ ಕೈಯಿಂದ ಪೊರಕೆ ಜಾರಿತು. ರೈಟರ್ ಆಕಾಶ ನೋಡುತ್ತಿದ್ದ. ಬೆಳಿಗ್ಗೆ ಅವನು ಹೇಳಿದ ಮರ್ಯಾದೆ ಯಾರದು ಎಂದು ಲೋಹಿತ್‌ಗೆ ಆಗ ಹೊಳೆಯಿತು.

"ಅರ್ಧ ಗಂಟೆ ಕೂತ್ಕಳಿ ಸಾರ್. ನಾವೀಗ್ತಾನೆ ಬಳ್ದಿರದು. ಮತ್ತೆ ಬತ್ತದೆ, ನೀವೇ ನೋಡಿ."

"ನಂಗೆ ಆಲೂರಲ್ಲಿ ಮೀಟಿಂಗಿದೆ ಕಣಪ್ಪ."

ಲೋಹಿತ್ ಬಾಚಿ ಹಾಕಿದ್ದ ಹೊಟ್ಟನ್ನು ಬೊಗಸೆಯಲ್ಲಿ ತಂದು ಬಂಡೆಯ ಮೇಲಿಟ್ಟು ಕಡ್ಡಿ ಗೀರಿದ. ಒದ್ದೆ ಹೊಟ್ಟು ಮೊದಲು ಚಟಗುಟ್ಟಿತು, ಆಮೇಲೆ ಧಗ್ಗೆಂದು ಹೊತ್ತಿ ಮಸಿಹೊಗೆ ಎದ್ದಿತು.

"ನೋಡಿ ಸಾರ್! ನೀರಿಂದ ತೆಗ್ದಿದ್ದು ಹಿಂಗ್ ಉರೀತದಾ?"

"ಹೊಟ್ಟು ಉರಿಯೋದು ಸಹಜ ಅಲ್ವೇನಯ್ಯ?" ಅಧಿಕಾರಿ ಎಳನೀರಿನ ಕೊನೆಯ ಗುಟುಕು ಹೀರಿ ಬುರುಡೆಯನ್ನು ಪೊದೆಗೆ ಎಸೆದ.

ಸಾವ್ಕಾರರು ಜೇಬಿನಿಂದ ಟೈಪು ಮಾಡಿಸಿದ ಕಾಗದ ತೆಗೆದರು. ಅವರು ಯಾವತ್ತೂ ದನಿ ಎತ್ತುವವರಲ್ಲ. "ಬಾರೋ ಲೋಹಿತ. ಇದ್ಕೊಂದು ಸೈನ್ ಹಾಕ್ಬುಡು. ನಿನ್ ಒಳ್ಳೇದಕ್ಕೇಯ."

ಲೋಹಿತ್ ಕಾಗದ ಹಿಡಿದು ಗಟ್ಟಿಯಾಗಿ ಓದತೊಡಗಿದ. "ಪಂಪ್ ಆಪರೇಟರ್ ಆದ ನಾನು ಡೀಸಲ್ ಕಳವು ಮಾಡುವ ವೇಳೆ ಚೆಲ್ಲಿರುತ್ತೇನೆ. ಸದರಿ ಒರತೆಯ ನೀರು ಕುಡಿಯಲು ಯೋಗ್ಯವಲ್ಲದ ಕಾರಣ ಲೈನ್ ಮನೆಗಳನ್ನು ತೆರವು ಮಾಡಲು ನಮ್ಮೆಲ್ಲರ ಒಪ್ಪಿಗೆ ಇರುತ್ತದೆ..." ತಲೆ ಎತ್ತಿದ. "ಸಾಹೇಬ್ರು ನೀರು ಚೆನ್ನಾಗೈತೆ ಅಂದ್ರು. ಇದ್ರಾಗೆ ಕುಡ್ಯಂಗಿಲ್ಲ ಅಂತೈತೆ. ಯಾವ್ದು ದಿಟ ಸಾವ್ಕಾರ್ರೆ?"

ಹಿಂದೆ ನಿಂತಿದ್ದ ವೀರಯ್ಯ "ಅಂಗ್ ಕೇಳು ಮಾರಾಯ" ಎಂದು ಗೊಣಗಿ, ಯಾರೋ ತಿರುಗಿದ ಕೂಡಲೇ ತಲೆ ತಗ್ಗಿಸಿದ.

"ನಿಂಗ್ ಓದಕ್ ಬತ್ತದೆ ಅಂತ ಗೊತ್ತಿರ್ಲಿಲ್ಲ ಕಣಯ್ಯ," ಸಾವ್ಕಾರರು ನಕ್ಕರು. "ಒಳ್ಳೇದಾಯ್ತು. ಸಂಜೆಗಂಟ ಇನ್ನೊಂದ್ಸಲ ಓದ್ಕ. ಸಂಜೆಗೆ ರೈಟ್ರ್ ಕೈಗೆ ಸೈನ್ ಹಾಕಿ ಕೊಡು. ಇಲ್ಲಾಂದ್ರೆ ಪೊಲೀಸ್ನೋರು ಬಂದು ಹಾಕುಸ್ಕತಾರೆ. ಈಗ ಮೊದ್ಲು ಜೆಟ್ ಓಡ್ಸು. ಮೇಲಿನ ಬ್ಲಾಕು ಅರ್ಧಕ್ಕೇ ನಿಂತೈತೆ."

ಜೀಪು ಬಂಗಲೆಯ ಕಡೆ ಊಟಕ್ಕೆ ಹೋಯಿತು. ರೈಟರ್ ಹಿಂದಿನ ಸೀಟಿಗೆ ಹತ್ತಿದ.

ಅದು ರೊಬಸ್ಟಾ ಕಾಫಿಗೆ ಹೂವಿನ ನೀರು ಕೊಡುವ ಕಾಲ. ಮಳೆ ಬರದಿದ್ದರೆ ಜೆಟ್ ತಿರುಗಿಸಿ ಗಿಡಗಳ ಮೇಲೆ ಸುಳ್ಳು ಮಳೆ ಸುರಿಸಬೇಕು. ಶುರು ಮಾಡಿದರೆ ಪೂರ್ತಿ ಕೊಡಬೇಕು. ಅರೆಬರೆ ನೆನೆದ ಮೊಗ್ಗು ಅರಳುವುದಿಲ್ಲ, ಕೆಂಪಗೆ ಸೊರಗಿ ನಿಲ್ಲುತ್ತದೆ, ಮುಂದಿನ ಫಸಲು ಅಲ್ಲಿಗೇ ಮುಗಿಯಿತು. ಪಂಪಿನವನಿಗೂ ಪೈಪು ಹೊರುವವರಿಗೂ ಇದು ಸಾವ್ಕಾರರಿಗಿಂತ ಚೆನ್ನಾಗಿ ಗೊತ್ತು. ಇಪ್ಪತ್ತಡಿಯ ಪೈಪುಗಳ ಕೊಕ್ಕೆ ಬಿಚ್ಚಿ, ಹೆಗಲ ಮೇಲೆ ಹೊತ್ತು, ಮುಂದಿನ ಸಾಲಿಗೆ ಸಾಗಿಸಿ, ಮತ್ತೆ ಕೊಕ್ಕೆ ಹಾಕುವುದು ಚಿನ್ನಮ್ಮ, ಲಿಂಗಮ್ಮ, ವೀರಯ್ಯ ಇವರೇ.

ಲೋಹಿತ್ ಶೆಡ್ಡಿಗೆ ಹೋಗಲಿಲ್ಲ. ನೆಟ್ಟಗೆ ಮೇಲಿನ ಬ್ಲಾಕಿಗೆ ಹೋಗಿ ಮೊದಲ ಪೈಪಿನ ಕೊಕ್ಕೆಯನ್ನು ಕಾಲಿಂದ ಒತ್ತಿ ಬಿಚ್ಚಿದ.

"ಯಾವ್ ಸಾಲಿಗ್ಲಾ?" ಚಿನ್ನಮ್ಮ ಸಿಂಬಿ ಸುತ್ತುತ್ತ ಕೇಳಿದಳು.

"ಲೈನಿಗೆ."

"ಲೈನ್ನಾಗೆ ಯಾವ ಕಾಫಿಗಿಡ ಐತ್ಲಾ?"

"ನಮ್ಮಕ್ಕನ ಮಗ ಐತಲ್ಲ ಚಿನ್ನತ್ತೆ."

ಚಿನ್ನಮ್ಮ ಅವನ ಮುಖ ನೋಡಿದಳು. ಆಮೇಲೆ ಲಿಂಗಮ್ಮನ ಕಾಲ ಬೆರಳುಗಳನ್ನು. ಕೆಸರು ಇನ್ನೂ ಒಣಗಿರಲಿಲ್ಲ. "ಏಳ್ರೀ ವೀರಯ್ನೋರೆ," ಎಂದಳು, "ಇಷ್ಟ್ ದಿನ ಊರ್ ಮಂದಿ ಗಿಡಕ್ಕೆ ಹೊತ್ತಿದ್ದಾಯ್ತು."

"ಕೆಲ್ಸ ಹೋಯ್ತದೆ ಕಣವ್ವ."

"ಮನೆ ಹೋಗದು ಗ್ಯಾರಂಟಿ ಆದ್ಮೇಲೆ ಕೆಲ್ಸ ಇಟ್ಕಂಡು ಏನ್ ನೆಕ್ತೀರಾ?"

ಮೂವತ್ತೊಂದು ಪೈಪು. ಎರಡು ಗಂಟೆ ಹಿಡಿಯಿತು. ಕೊನೆಯ ಪೈಪು ಲೈನಿನ ಅಂಗಳಕ್ಕೆ ಮುಟ್ಟಿದಾಗ ನಯನ ಮಗುವನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಬಂದಳು. ಚಿನ್ನಮ್ಮ ಪೈಪಿನ ತುದಿಗೆ ಜೆಟ್ಟನ್ನೂ ಸಿಕ್ಕಿಸಿದಳು. ಆಮೇಲೆ ಹಂಡೆಯ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಹಚ್ಚಕ್ಕೊಂದು ಕಾಗದ ಇದ್ರೆ ಕೊಡ್ಲಾ" ಎಂದಳು.

ಲೋಹಿತ್ ಜೇಬಿಗೆ ಕೈ ಹಾಕಿ ಸಾವ್ಕಾರರ ಕಾಗದ ತೆಗೆದುಕೊಟ್ಟ.

ಶೆಡ್ಡಿಗೆ ಹೋಗಿ ಒಳಗಿನಿಂದ ಅಗುಳಿ ಹಾಕಿದ. ಹ್ಯಾಂಡಲ್ ಸಿಕ್ಕಿಸಿ ಮೂರು ಸುತ್ತು ಜಾಡಿಸಿ ತಿರುವಿದ. ಇಂಜಿನ್ ಕೆಮ್ಮಿತು, ಹಿಡಿಯಿತು. ಕಿಟಕಿಯಿಂದ ನೋಡಿದರೆ ದಿಬ್ಬದ ಕೆಳಗೆ ಪೈಪುಗಳು ಒಂದೊಂದಾಗಿ ನಡುಗಿದವು. ಕೊನೆಗೆ ಜೆಟ್ಟಿನ ಬಾಯಿ ಎರಡು ಸಲ ಉಗುಳಿ ತಿರುಗತೊಡಗಿತು. ಕೆರೆಯ ನೀರು ಇಪ್ಪತ್ತೆರಡು ಮನೆಗಳ ಮೇಲೂ ಬಿತ್ತು. ಹೆಂಚಿದ್ದ ಮಾಡಿನ ಮೇಲೆ, ಇಲ್ಲದ ಮಾಡಿನ ಮೇಲೆ, ಆನೆ ಕೆಡವಿದ ಗೋಡೆಯ ಮೇಲೆ. ಅವ್ವ ಬಕೆಟ್ಟು, ಕೊಡ, ತಪ್ಪಲೆ ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಇಡುತ್ತಿದ್ದಳು. ಚಿನ್ನಮ್ಮ ತುರುಬು ಬಿಚ್ಚಿ ಜೆಟ್ಟಿನ ಕೆಳಗೆ ನಿಂತು, ಟ್ಯಾಂಕಿಗೆ ಮೆತ್ತಿ ಮಿಕ್ಕಿದ್ದ ಬಾರ್ ಸೋಪಿನಿಂದ ತಲೆ ತಿಕ್ಕಿಕೊಳ್ಳುತ್ತಿದ್ದಳು.

ಜೀಪಿನ ಹಾರನ್ನು ಕೇಳಿಸಿತು. ಆಮೇಲೆ ಬಾಗಿಲಿಗೆ ಒದೆತ.

"ತೆಗಿಯಲಾ ಸೂಳೆಮಗನೆ! ಮೊಗ್ಗು ಸೀದೋಯ್ತಾವೆ! ಅರ್ಧ ಬ್ಲಾಕು ಹೋಯ್ತದೆ ಕಣ್ಲಾ!"

ಅದರ ಹಿಂದೆ ಸಾವ್ಕಾರರ ದನಿ. ಅವರು ಕಿರುಚುವುದನ್ನು ಲೋಹಿತ್ ಕೇಳಿದ್ದು ಅದೇ ಮೊದಲು. ಏನು ಹೇಳುತ್ತಿದ್ದಾರೆಂಬುದು ಇಂಜಿನ್ನಿನ ಸದ್ದಿನಲ್ಲಿ ತಿಳಿಯಲಿಲ್ಲ.

ಇಂಜಿನ್ನಿನ ಮೇಲಿನ ಗಾಜಿನ ಕೊಳವೆಯಲ್ಲಿ ಡೀಸಲ್ ಗೆರೆ ಇಳಿಯುತ್ತಿತ್ತು. ಹೊರಗಿನ ಟ್ಯಾಂಕಿನ ನಲ್ಲಿಯನ್ನು ಅವರು ಮುಚ್ಚಿರಬೇಕು. ಲೋಹಿತ್ ಮೂಲೆಯಲ್ಲಿದ್ದ ಡ್ರಮ್ಮಿನ ಮುಚ್ಚಳ ತೆಗೆದ. ಐದು ದಿನ ಒರತೆಗೆ ಬಿಡದೆ ಕೂಡಿಟ್ಟದ್ದು. ನೀರು ಅಡಿಗೆ ಕೂತಿತ್ತು, ಡೀಸಲ್ ಮೇಲೆ ಚೊಕ್ಕವಾಗಿ ನಿಂತಿತ್ತು. ತಳ ಕಲಕದಂತೆ ಮೆಲ್ಲಗೆ ಒಂದು ಮಗ್ಗು ಮೊಗೆದು ಇಂಜಿನ್ನಿಗೆ ಸುರಿದ.

ಬಾಗಿಲಿನ ಮೇಲಿನ ಕೀಲು ಕಳಚಿ ಬಿತ್ತು. ಲೋಹಿತ್ ಇನ್ನೊಂದು ಮಗ್ಗು ಮೊಗೆದ.